ಬಾಬಿ ಬೈಕ್ ಹುಡುಕುತ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ

ರಾಜದೂತ್ ಜಿಟಿಎಸ್ 175 ಅಂದರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ‘ಬಾಬಿ ಬೈಕ್’ ಅನ್ನಿ, ಐವತ್ತು ದಾಟಿದವರ ಮುಖ ಅರಳುತ್ತೆ. 1973ರ ‘ಬಾಬಿ’ ಸಿನಿಮಾದಲ್ಲಿ ರಿಷಿ ಕಪೂರ್ ಓಡಿಸಿದ ಪುಟಾಣಿ ಗಾಡಿ. ನೋಡೋಕೆ ಆಟದ ಸಾಮಾನು. ಒಳಗಿರೋದು ಮಾತ್ರ ಹಾಲಿನ ಕ್ಯಾನ್ ಹೊತ್ತು ಊರೂರು ತಿರುಗುತ್ತಿದ್ದ ದೊಡ್ಡ ರಾಜದೂತಿನದೇ ಟೂ ಸ್ಟ್ರೋಕ್ ಎಂಜಿನ್, ಅದೇ ಮೂರು ಗೇರು. ಇದನ್ನ ನೆನಪಿಟ್ಟುಕೊಳ್ಳಿ, ನಾನು ಟೋಪಿ ಹಾಕಿಸಿಕೊಂಡದ್ದು ಇಲ್ಲೇ.

ಹೋದ ವರ್ಷ ಒಬ್ಬ ಬ್ರೋಕರ್ ವಿಡಿಯೋ ಕಳಿಸಿದ. ತಿಪಟೂರು ಕಡೆ ಒಂದು ತೋಟದ ಮನೆ, ಪಕ್ಕದಲ್ಲಿ ಗರಿ ಹೊದಿಸಿದ ಕೊಟ್ಟಿಗೆ, ಒಳಗೆ ತೆಂಗಿನಸಿಪ್ಪೆ ರಾಶಿಯ ಹಿಂದೆ ಬಾಬಿ. ಮೈತುಂಬ ಧೂಳು, ಹ್ಯಾಂಡಲ್ ಮೇಲೆ ಜೇಡರ ಬಲೆ, ಸೀಟಿನ ಮೇಲೊಂದು ಕೋಳಿ. ‘ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಸಾರ್, ಯಜಮಾನ್ರು ಹೋದ್ಮೇಲೆ ಹಂಗೇ ನಿಂತೈತೆ’ ಅಂದ. ನಮ್ಮ ಸೋದರಮಾವನ ಹತ್ತಿರ ಇಂಥದ್ದೇ ಇತ್ತು, ಟ್ಯಾಂಕಿನ ಮೇಲೆ ಕೂತು ತಿರುಗಿದವನು ನಾನು. ಮಾರನೇ ದಿನವೇ ಶಿವಮೊಗ್ಗದಿಂದ ಹೊರಟೆ. 95 ಸಾವಿರಕ್ಕೆ ಮಾತಾಯಿತು. ಚೌಕಾಸಿ ಮಾಡಿದ್ದು ಐದು ಸಾವಿರಕ್ಕೆ, ಅದೂ ಹೆಂಡತಿಗೆ ಹೇಳಿಕೊಳ್ಳೋಕೆ.

ಅವತ್ತು ನಾನು ಮೇಲೆ ನೋಡಿದೆನೇ ಹೊರತು ಕೆಳಗೆ ನೋಡಲಿಲ್ಲ. ಮೂವತ್ತು ವರ್ಷ ಒಂದೇ ಜಾಗದಲ್ಲಿ ನಿಂತ ಹಳೇ ಟೂ ಸ್ಟ್ರೋಕ್ ಗಾಡಿಯ ಅಡಿ ಎಣ್ಣೆ ಕಲೆ ಇರದೆ ಇರುತ್ತಾ? ಅಲ್ಲಿ ಸಗಣಿ ಸಾರಿಸಿದ ನೆಲ ಚೊಕ್ಕವಾಗಿತ್ತು. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ ಟೈರಿನ ಬದಿಯಲ್ಲಿ 2319 ಅಂತ ನಾಲ್ಕು ಅಂಕಿ. ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೂವತ್ತು ವರ್ಷದ ಧೂಳಿನ ಕೆಳಗೆ! ಧೂಳನ್ನ ಜರಡಿ ಹಿಡಿದು ಎರಚಿದ್ದರು ಅಂತ ಈಗ ಅನ್ನಿಸುತ್ತೆ. ಕೋಳಿ ಮಾತ್ರ ಅಸಲಿ.

ಕಾಗದ ಕೇಳಿದೆ. ಹಳೇ ಆರ್‌ಸಿ ಪುಸ್ತಕ, ಜೊತೆಗೆ ಗಾಡಿ ನನ್ನ ಹೆಸರಿಗೆ ಮಾಡಿಸೋಕೆ ಬೇಕಾದ ಫಾರಂ 29, 30, ಸಹಿ ಮಾಡಿದ ಖಾಲಿ ಪ್ರತಿ, ಕೈಗಿಟ್ಟ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ತಾಳೆಯಾದವು. ಆರ್‌ಸಿಯಲ್ಲಿ ‘ರಾಜದೂತ್ 175’ ಅಂತಷ್ಟೇ ಇತ್ತು, ಜಿಟಿಎಸ್ ಇರಲಿಲ್ಲ. ಕೇಳಿದ್ದಕ್ಕೆ ‘ಆಗಿನ ಗುಮಾಸ್ತರು ಹಂಗೇ ಬರೀತಿದ್ರು’ ಅಂದ. ನಾನು ಹೂಂ ಅಂದೆ. ಯಜಮಾನರು ತೀರಿಹೋಗಿದ್ದರೆ ಬೇಕಾದದ್ದು ವಾರಸುದಾರರ ಫಾರಂ 31 ಅಲ್ಲವಾ, ಸತ್ತವರು 29ಕ್ಕೆ ಹೇಗೆ ಸಹಿ ಹಾಕಿದರು ಅನ್ನೋ ಸಣ್ಣ ಪ್ರಶ್ನೆಯೂ ಆಗ ಹೊಳೆಯಲಿಲ್ಲ.

ಇನ್ನೊಂದು ಆಸೆಯನ್ನೂ ಹುಟ್ಟಿಸಿದ. ‘1974ರ ಗಾಡಿ, ಐವತ್ತು ತುಂಬೈತೆ, ವಿಂಟೇಜ್ ನಂಬರ್ ಮಾಡಿಸ್ಕೊಳಿ’ ಅಂತ. 2021ರ ಕೇಂದ್ರದ ನಿಯಮದಲ್ಲಿ ಇದು ಇರೋದು ನಿಜ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರವಿರುವ ನಂಬರ್, ಹತ್ತು ವರ್ಷದ ಅವಧಿ. ಆದರೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ. ಅದಕ್ಕಿಂತ ಮುಖ್ಯ, ಚಾಸಿ, ಎಂಜಿನ್ ಮೂಲದಲ್ಲಿದ್ದಂತೇ ಇರಬೇಕು. ಈ ಕೊನೇ ಮಾತನ್ನ ಅವನು ಹೇಳಲಿಲ್ಲ.

ಗಾಡಿ ಬಂದ ಮೇಲೆ ನಾನು ಮಾಡಿದ ದೊಡ್ಡ ಮೂರ್ಖತನ, ಚಾಸಿ ನೋಡಿಸದೆ ಬಿಡಿಭಾಗಕ್ಕೆ ಓಡಿದ್ದು. ಬೆಂಗಳೂರಿನ ಜೆಸಿ ರಸ್ತೆ ಎರಡು ಸಲ ಸುತ್ತಿದೆ. ರೀಬೋರು, ಹೊಸ ಪಿಸ್ಟನ್, ಕ್ರೋಮ್, 6 ವೋಲ್ಟಿನ ವೈರಿಂಗ್, ಎಲ್ಲ ಸೇರಿ 38 ಸಾವಿರ. ಕೊನೆಗೆ ಬಣ್ಣಕ್ಕೆ ಅಂತ ನಮ್ಮ ಮೇಸ್ತ್ರಿ ಹ್ಯಾಂಡಲ್ ಕೆಳಗಿನ ಕೊಳವೆಗೆ ಎಮರಿ ಪೇಪರ್ ಹಾಕಿದರು. ಹಸಿರು ಬಣ್ಣ ಹೋಯಿತು, ಬೂದು ಬಂತು, ಆಮೇಲೆ ಮೆತ್ತಗೆ ಹಳದಿ ಪುಡಿ ಉದುರತೊಡಗಿತು. ಮೇಸ್ತ್ರಿ ಮಾತಾಡಲಿಲ್ಲ. ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದು ಇಟ್ಟರು, ಜಾರಿ ಬಿತ್ತು. ಎರಡಿಂಚು ಕೆಳಗೆ ಇಟ್ಟರು. ಟಪ್ ಅಂತ ಹಿಡಿಯಿತು. ‘ಪುಟ್ಟಿ ಸಾರ್. ಕಟ್ ಮಾಡಿ ಬೆಸುಗೆ ಹಾಕವ್ರೆ.’ ಕೆರೆದಂತೆ ಬೆಸುಗೆಯ ಗೀರು ಕೊಳವೆ ಸುತ್ತ ಬಳೆಯ ಹಾಗೆ ಕಾಣಿಸಿತು. ಮಗ್ಗುಲಲ್ಲೇ ಚಾಸಿ ನಂಬರ್. ಅದರ ಎರಡು ಅಂಕಿ ಉಳಿದವಕ್ಕಿಂತ ಆಳ, ಒಂದು ವಾಲಿತ್ತು.

ದೊಡ್ಡ ರಾಜದೂತನ್ನ ಕುಯ್ದು, ಚಿಕ್ಕ ಚಕ್ರ ಹಾಕಿ, ಸೀಟು ಎತ್ತರಿಸಿ ಬಾಬಿ ಮಾಡಿದ್ದರು. ಎಂಜಿನ್ ಒಂದೇ ಆದ್ದರಿಂದ ಸದ್ದಿನಿಂದಲೂ ಪತ್ತೆಯಾಗಲ್ಲ.

ಆರ್‌ಸಿಯಲ್ಲಿದ್ದ ಊರಿಗೇ ಹೋದೆ. ಮಗ ಸಿಕ್ಕರು, ಕಾಫಿ ಕೊಟ್ಟರು. ‘ಅಪ್ಪ ಡೈರಿಗೆ ಹಾಲು ಹಾಕ್ತಿದ್ದ ಗಾಡಿ ಸ್ವಾಮಿ ಅದು, ದೊಡ್ಡ ರಾಜದೂತ್. ಅವರಿದ್ದಾಗಲೇ ಗುಜರಿಗೆ ಹಾಕಿದ್ವಿ’ ಅಂದರು. ಫಾರಂ ತೋರಿಸಿದೆ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ಸಹಿ ಇಂಗ್ಲಿಷಿನಲ್ಲಿತ್ತು.

ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ಈ ಗಾಡಿ ನಿಲ್ಲಿಸೋ ಧೈರ್ಯ ನನಗಿಲ್ಲ. ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಚಾಸಿ ನಂಬರಿನ ಅಚ್ಚು ತೆಗೆದರೆ ವಾಲಿದ ಅಂಕಿ ಅವರಿಗೂ ಕಾಣುತ್ತೆ. ಕುಯ್ದ ಚಾಸಿಯ ಮಿಕ್ಕ ಭಾಗ ಯಾರ ಗಾಡಿಯದೋ, ಕಳವಿನದೋ, ದೇವರಿಗೇ ಗೊತ್ತು. ವಕೀಲರ ಸಲಹೆಯಂತೆ ಪೊಲೀಸರಿಗೆ ದೂರು ಬರೆದುಕೊಟ್ಟು ಸ್ವೀಕೃತಿ ಇಟ್ಟುಕೊಂಡಿದ್ದೇನೆ. ಬ್ರೋಕರ್‌ಗೆ ಫೋನ್ ಮಾಡಿದರೆ ಮೊದಲು ‘ಗುಜರಿ ವ್ಯಾಪಾರ ಸಾರ್, ವಾಪಸ್ ಇಲ್ಲ’ ಅಂದ, ಆಮೇಲೆ ನಂಬರೇ ಬಂದ್.

ನೋಡೋಕೆ ಹೋಗುವಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇರಲಿ. ಆರ್‌ಸಿಯಲ್ಲಿ ಜಿಟಿಎಸ್ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಆರ್‌ಸಿಯಲ್ಲಿ ಹೆಸರಿರೋರನ್ನ ಅಥವಾ ಅವರ ಮಕ್ಕಳನ್ನ ಖುದ್ದಾಗಿ ಮಾತಾಡಿಸದೆ ಅಡ್ವಾನ್ಸ್ ಕೂಡ ಕೊಡಬೇಡಿ.

ಇಷ್ಟನ್ನೂ ಈಗ ಬರೆಯೋಕೆ ಕಾರಣ, ಮೊನ್ನೆ ಗೆಳೆಯನೊಬ್ಬ ‘ಹೆಂಗಿದೆ ನೋಡು’ ಅಂತ ಕಳಿಸಿದ ವಿಡಿಯೋ. ಈ ಸಲ ಲೂನಾ. ಗರಿಯ ಕೊಟ್ಟಿಗೆ, ಸಿಪ್ಪೆ ರಾಶಿ, ಚೊಕ್ಕವಾದ ನೆಲ. ಸೀಟಿನ ಮೇಲೆ ಅದೇ ಕೋಳಿ.