ಬಾಯಿ ನೋಡದೇ ಕೊರಿಯರ್‌ನಲ್ಲಿ ಅಲೈನರ್ ಕಳಿಸುವವರಿದ್ದಾರೆ, ಹುಷಾರು

ದಾವಣಗೆರೆ ಕಡೆಯವರು ಯಾರಾದರೂ ಆನ್‌ಲೈನ್‌ನಲ್ಲಿ ಅಲೈನರ್ (ಹಲ್ಲು ನೆಟ್ಟಗಾಗಲು ಹಲ್ಲಿನ ಮೇಲೆ ಹಾಕಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಕವಚ) ತರಿಸುವ ಯೋಚನೆಯಲ್ಲಿದ್ದರೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ಕಂಪನಿ ಹೆಸರು ಬರೆಯಲ್ಲ, ರೀಫಂಡ್ ಜಗಳ ಇನ್ನೂ ನಡೀತಿದೆ.

ನಮ್ಮ ಅಕ್ಕ ಟೀಚರ್. ಮುಂದಿನ ಹಲ್ಲು ಸ್ವಲ್ಪ ಒಂದರ ಮೇಲೊಂದು ಇದ್ದವು. ಈ ವಯಸ್ಸಿಗೆ ಕ್ಲಿಪ್ ಹಾಕಿಸಿಕೊಂಡು ಕ್ಲಾಸಿಗೆ ಹೋದರೆ ಮಕ್ಕಳು ನಗ್ತಾರೆ ಅಂತ ಕಾಣದ ಅಲೈನರ್ ಆರಿಸಿಕೊಂಡಳು. ಕಿಟ್ ಬಂತು, ಮನೆಯಲ್ಲೇ ಹಲ್ಲಿನ ಅಚ್ಚು ತೆಗೆದು, ಫೋನಲ್ಲಿ ಫೋಟೋ ಹೊಡೆದು ಕಳಿಸಿದಳು. ಎಕ್ಸ್‌ರೇ ಯಾರೂ ಕೇಳಲಿಲ್ಲ. ಒಸಡಲ್ಲಿ ರಕ್ತ ಬರುತ್ತಾ ಅಂತ ಫಾರ್ಮಿನಲ್ಲಿ ಒಂದು ಟಿಕ್, ಅದೇ ತಪಾಸಣೆ!

ಶುರುವಿನಲ್ಲಿ ಮುಂದಿನ ಹಲ್ಲು ನೆಟ್ಟಗಾಗುತ್ತಾ ಬಂದವು. ಆಮೇಲೆ ದವಡೆ ಹಲ್ಲು ಒಂದಕ್ಕೊಂದು ತಾಗುವುದೇ ನಿಂತುಹೋಯಿತು. ರೊಟ್ಟಿ ಬಿಡಿ, ಮಂಡಕ್ಕಿ ಜೊತೆ ಮಿರ್ಚಿ ಅಗಿಯೋಕೂ ಕಷ್ಟ. ಕೆಳಗಿನ ಒಂದು ಹಲ್ಲು ಅಲ್ಲಾಡತೊಡಗಿತು. ಆ್ಯಪ್‌ನಲ್ಲಿ ಕೇಳಿದರೆ "ಮೇಡಂ, ಇದು ನಾರ್ಮಲ್, ದಿನಕ್ಕೆ 22 ಗಂಟೆ ಹಾಕ್ತಿದೀರಾ?" ಅಂತ ಪ್ರತಿ ಸಲ ಬೇರೆ ಬೇರೆ ಹೆಸರಿನವರಿಂದ ಅದೇ ಉತ್ತರ. ಡಾಕ್ಟರ್ ಯಾರು ಅಂದರೆ "ನಮ್ಮ ಟೀಮ್".

ಕೊನೆಗೆ ಇಲ್ಲೇ ಊರಿನ ಆರ್ಥೋಡಾಂಟಿಸ್ಟ್ (ಹಲ್ಲು ನೆಟ್ಟಗೆ ಮಾಡುವ ತಜ್ಞರು) ಹತ್ತಿರ ಹೋದೆವು. ಇಡೀ ಬಾಯಿ, ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿದರು, ಒಸಡಿನ ಸಂದಿಯ ಆಳ ಅಳೆದರು. ಒಸಡಿನ ರೋಗ ಮೊದಲೇ ಇತ್ತಂತೆ, ಆ ಹಲ್ಲಿನ ಸುತ್ತ ಮೂಳೆ ಕರಗಿದೆ. ಹಲ್ಲು ಸರಿಯಬೇಕಾದರೆ ಬೇರು ಮೂಳೆಯೊಳಗೇ ಜರುಗಬೇಕು, ಒಂದು ಕಡೆ ಮೂಳೆ ಕರಗಿ ಇನ್ನೊಂದು ಕಡೆ ಹೊಸದಾಗಿ ಕಟ್ಟಿಕೊಳ್ಳಬೇಕು. ಒಸಡಲ್ಲಿ ಸೋಂಕಿಟ್ಟುಕೊಂಡು ತಳ್ಳಿದರೆ ಕರಗೋದೇ ಜಾಸ್ತಿ. ಇದು ಸೆಲ್ಫಿಯಲ್ಲಿ ಕಾಣುತ್ತಾ? ಕೆಲವು ಹಲ್ಲು ತಿರುಗಿಸೋಕೆ ಹಲ್ಲಿನ ಮೇಲೇ ಸಣ್ಣ ಗುಬುಟು ಅಂಟಿಸಬೇಕು, ಜಾಗ ಮಾಡೋಕೆ ಹಲ್ಲುಗಳ ನಡುವೆ ಒಂಚೂರು ಉಜ್ಜಿ ಸವೆಸಬೇಕು. ಕೊರಿಯರ್ ಹುಡುಗ ಮಾಡ್ತಾನಾ?

ಅಲೈನರ್ ಕೆಟ್ಟದ್ದು ಅಂತಲ್ಲ. ಬಾಯಿ ನೋಡಿದ ಡಾಕ್ಟರ್ ಮಧ್ಯೆ ವಿಡಿಯೋ ಕಾಲ್‌ನಲ್ಲಿ ವಿಚಾರಿಸಿದರೂ ತಪ್ಪಿಲ್ಲ. ನೋಡದೇ ಶುರು ಮಾಡೋದೇ ಅಪಾಯ. ಅಮೆರಿಕದಲ್ಲಿ ಈ ವ್ಯಾಪಾರದ ದೊಡ್ಡ ಕಂಪನಿ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ, ಅರ್ಧ ಚಿಕಿತ್ಸೆಯಲ್ಲಿದ್ದವರು ನಡುನೀರಲ್ಲಿ ಉಳಿದರು.

ಹಾಗಾಗಿ ಡಾಕ್ಟರ್ ಹೆಸರು, ಡೆಂಟಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ತೊಂದರೆಯಾದರೆ ಹೋಗಬೇಕಾದ ಕ್ಲಿನಿಕ್, ಇಷ್ಟನ್ನು ಮೊದಲೇ ಕೇಳಿ. ತಡವರಿಸಿದರೆ ಬಿಟ್ಟುಬಿಡಿ. ನಮ್ಮ ಊರಲ್ಲೇ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ.

ಅಕ್ಕನಿಗೆ ಈಗ ಒಸಡಿನ ಚಿಕಿತ್ಸೆ, ಅದು ಹತೋಟಿಗೆ ಬಂದ ಮೇಲೆ ತಂತಿ ಕ್ಲಿಪ್ಪೇ ಗತಿ. ಗ್ರಾಹಕರ ಆಯೋಗಕ್ಕೆ ದೂರು ಕೊಡ್ತಿದ್ದೇವೆ. ನಿಮಗೂ ಹೀಗಾಗಿದ್ದರೆ ಚಾಟ್, ಬಿಲ್, ಮೊದಲು ಕಳಿಸಿದ ಫೋಟೋ ಯಾವುದನ್ನೂ ಡಿಲೀಟ್ ಮಾಡಬೇಡಿ.