ನಿವೃತ್ತರ ಹಳೇ ಸಂಬಳದ ಖಾತೆ ಇದ್ದರೆ ಇವತ್ತೇ ಪಾಸ್‌ಬುಕ್ ಎಂಟ್ರಿ ಮಾಡಿಸಿ

ನಿಮ್ಮ ಮನೆಯಲ್ಲಿ ಯಾರಾದರೂ ಈಚೆಗೆ ಖಾಸಗಿ ಕಂಪನಿಯಿಂದ ನಿವೃತ್ತರಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಅಪ್ಪನ ಖಾತೆಯಿಂದ ನಾಲ್ಕು ತಿಂಗಳಲ್ಲಿ 2,146 ರೂಪಾಯಿ 42 ಪೈಸೆ ಚಾರ್ಜು ಅಂತಲೇ ಹೋಗಿದೆ. ಅವರಿಗೆ ಬರುವ ಪಿಎಫ್ ಪಿಂಚಣಿ ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಅದರಲ್ಲಿ ಇಷ್ಟು ಹೋದರೆ ಉಳಿಯುವುದೇನು?

ನಮಗೆ ಗೊತ್ತಾಗಿದ್ದು ಎಟಿಎಂ ಮುಂದೆ. ಖಾತೆಯಲ್ಲಿ 640 ರೂಪಾಯಿ ಇದೆ ಎಂದು ಅಪ್ಪ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಮಾತ್ರೆ ತರಲು 500 ತೆಗೆಯೋಣ ಅಂತ ಹೋದರು. ಹಣ ಸಾಲದು ಅಂತ ಮೆಷಿನ್ ಹೇಳಿತು. ತಾನೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡು ಇನ್ನೊಂದು ಸಲ ಹಾಕಿದರು. ಮತ್ತೆ ಅದೇ. ಮನೆಗೆ ಬಂದು ನನಗೆ ಫೋನ್ ಮಾಡಿ, "ಯಾರೋ ನನ್ನ ದುಡ್ಡು ಹೊಡೆದಿದ್ದಾರೆ ಅನ್ಸುತ್ತೆ ಕಣಮ್ಮಾ" ಅಂದರು. ಅವರ ದನಿ ನಡುಗುತ್ತಿತ್ತು. ನನಗೂ ಮೊದಲು ಬಂದ ಅನುಮಾನ ಸೈಬರ್ ಕಳ್ಳರದ್ದೇ.

ಅವರ ಬ್ಯಾಂಕಿನ ಬ್ರಾಂಚ್ ಈಗ ಊರಿನಲ್ಲಿಲ್ಲ. ಅದನ್ನು ಇಪ್ಪತ್ತು ಕಿಲೋಮೀಟರ್ ದೂರದ ಬ್ರಾಂಚಿಗೆ ಸೇರಿಸಿದರು. ಅದರ ಜೊತೆ ಎಟಿಎಂ ಕೂಡ ಹೋಯಿತು. ಮರುದಿನ ಇಬ್ಬರೂ ಬಸ್ ಹಿಡಿದು ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದೆವು. ಹೊಸ ಎಂಟ್ರಿ ಎರಡು ಪುಟ ಬಂತು. ಮಿನಿಮಮ್ ಬ್ಯಾಲೆನ್ಸ್ ಚಾರ್ಜು 472. ಮುಂದಿನ ತಿಂಗಳು 531. ಮತ್ತೆ 472. ಮತ್ತೆ 531. ನಡುನಡುವೆ ಮೂರು ಕಡೆ 27 ರೂಪಾಯಿ 14 ಪೈಸೆ. ಕೊನೆಯಲ್ಲಿ, ಒಂದೇ ದಿನ, ಒಂದರ ಕೆಳಗೊಂದು 29.50 ಎರಡು ಸಲ.

ಆ ಕೊನೆಯ ಎರಡು ಎಂಟ್ರಿ ನೋಡಿ ನನಗೆ ತಡೆಯಲಾಗಲಿಲ್ಲ. ಖಾತೆಯಲ್ಲಿದ್ದ 640ರಲ್ಲಿ 531 ರೂಪಾಯಿಯನ್ನು ಬ್ಯಾಂಕೇ ತೆಗೆದುಕೊಂಡಿತ್ತು. ಉಳಿದದ್ದು 109. ಅದು ಗೊತ್ತಿಲ್ಲದೆ ಅಪ್ಪ 500 ಕೇಳಿದ್ದಕ್ಕೆ, ಹಣವಿಲ್ಲದೆ ಎಟಿಎಂ ಬಳಸಿದ್ದೀರಿ ಅಂತ 25 ರೂಪಾಯಿ ದಂಡ, ಅದರ ಮೇಲೆ ಜಿಎಸ್‌ಟಿ. ಎರಡು ಸಲ ಕಾರ್ಡ್ ಹಾಕಿದ್ದಕ್ಕೆ ಎರಡು ದಂಡ. ಮಾತ್ರೆಗೆ ಹೋದವರ ಕೈಗೆ ಒಂದು ರೂಪಾಯಿಯೂ ಬರಲಿಲ್ಲ, ಖಾತೆಯಲ್ಲಿ ಉಳಿದದ್ದು 50 ರೂಪಾಯಿ.

ಕೌಂಟರಿನಲ್ಲಿದ್ದ ಹುಡುಗ ಸಮಾಧಾನದಿಂದಲೇ ವಿವರಿಸಿದ. ಇದು ಸಂಬಳದ ಖಾತೆ ಆಗಿತ್ತು, ಹಾಗಾಗಿ ಬ್ಯಾಲೆನ್ಸ್ ಇಡಬೇಕಿರಲಿಲ್ಲ. ಸಂಬಳ ಬರುವುದು ನಿಂತು ಕೆಲವು ತಿಂಗಳಾದ ಮೇಲೆ ಅದು ತಾನಾಗಿಯೇ ಸಾಮಾನ್ಯ ಉಳಿತಾಯ ಖಾತೆ ಆಗಿದೆ. ಈಗ ತಿಂಗಳಿಗೆ ಸರಾಸರಿ 10,000 ಇರಲೇಬೇಕು. ಈ ಸರಾಸರಿ ಅನ್ನುವುದನ್ನು ಗಮನಿಸಿ. ಪ್ರತಿದಿನ ರಾತ್ರಿ ಖಾತೆಯಲ್ಲಿ ಎಷ್ಟಿತ್ತು ಅನ್ನುವುದನ್ನೆಲ್ಲ ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಒಂದು ದಿನ ಹತ್ತು ಸಾವಿರ ಹಾಕಿ ಮರುದಿನ ತೆಗೆದರೆ ಏನೂ ಪ್ರಯೋಜನ ಇಲ್ಲ.

"ನಮಗೆ ಯಾಕೆ ತಿಳಿಸಲಿಲ್ಲ?" ಅಂತ ಅಪ್ಪ ಕೇಳಿದರು. "ಮೆಸೇಜ್ ಹೋಗಿದೆ ಸರ್" ಅಂದ. ಹೋಗಿದ್ದು ನಿಜವೇ. ಆದರೆ ಖಾತೆಗೆ ಜೋಡಿಸಿದ್ದು ಕಂಪನಿ ಕೊಟ್ಟಿದ್ದ ನಂಬರ್. ನಿವೃತ್ತಿಯ ದಿನವೇ ಆ ಸಿಮ್ ವಾಪಸ್ ಕೊಟ್ಟಿದ್ದರು. ಇಮೇಲ್ ಕೂಡ ಆಫೀಸಿನದ್ದೇ. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಮೊದಲು ಸರಿಮಾಡಬೇಕಾದದ್ದೂ ಇದೇ. ಬೇರೆ ಏನೂ ಮಾಡದಿದ್ದರೂ ಪರವಾಗಿಲ್ಲ, ನಂಬರ್ ಬದಲಾಯಿಸಿ.

ನಗದಿನ ಕಥೆಯೂ ಇದಕ್ಕೇ ಅಂಟಿಕೊಂಡಿದೆ. ಸ್ವಂತ ಬ್ಯಾಂಕಿನ ಎಟಿಎಂ ಇಲ್ಲದ ಮೇಲೆ ಅಪ್ಪ ಬೇರೆ ಬ್ಯಾಂಕಿನದ್ದನ್ನೇ ಬಳಸಬೇಕು. ಮೆಟ್ರೋ ನಗರಗಳಲ್ಲಿ ತಿಂಗಳಿಗೆ 3, ಉಳಿದ ಊರುಗಳಲ್ಲಿ 5 ಸಲ ಅದು ಉಚಿತ. ಆಮೇಲೆ ಪ್ರತಿ ಸಲ ಹಣ ತೆಗೆಯಲು 23 ರೂಪಾಯಿವರೆಗೆ ಹಾಕಬಹುದು, ಜಿಎಸ್‌ಟಿ ಬೇರೆ. 2025ರ ಮೇ 1ಕ್ಕೆ ಮುಂಚೆ ಅದು 21 ಇತ್ತು. ನಮಗೆ ಗೊತ್ತಿಲ್ಲದ ವಿಷಯ ಅಂದರೆ, ಬೇರೆ ಬ್ಯಾಂಕಿನ ಎಟಿಎಂನಲ್ಲಿ ಸುಮ್ನೆ ಬ್ಯಾಲೆನ್ಸ್ ನೋಡಿದರೂ ಆ ಐದರಲ್ಲಿ ಒಂದು ಲೆಕ್ಕಕ್ಕೆ ಹೋಗುತ್ತದೆ. ಅಪ್ಪ ಪ್ರತಿ ಸಲ ಮೊದಲು ಬ್ಯಾಲೆನ್ಸ್ ನೋಡಿ, ಆಮೇಲೆ ಹಣ ತೆಗೆಯುವವರು. ಜಾಸ್ತಿ ಹಣ ಮನೆಯಲ್ಲಿಡಲು ಭಯ, ಅದಕ್ಕೆ ಐನೂರು ಐನೂರೇ ತೆಗೆಯುತ್ತಿದ್ದರು. ಹಾಗಾಗಿ ಮೂರನೇ ಸಲಕ್ಕೇ ಅವರ ಐದು ಮುಗಿಯುತ್ತಿತ್ತು. ಪಾಸ್‌ಬುಕ್ಕಿನಲ್ಲಿದ್ದ 27 ರೂಪಾಯಿ 14 ಪೈಸೆ ಇದೇ, 23ರ ಮೇಲೆ ಜಿಎಸ್‌ಟಿ.

ಎಟಿಎಂನಲ್ಲಿ ನೋಟಿಲ್ಲದೆ, ಅಥವಾ ಮೆಷಿನ್ ಕೆಟ್ಟು ಹಣ ಬರದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಖಾತೆಯಿಂದ ಕಟ್ ಆಗಿ ನೋಟು ಮಾತ್ರ ಬರದಿದ್ದರೆ 5 ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 100 ಅಥವಾ 200ರ ನೋಟು ಎಟಿಎಂನಲ್ಲಿ ಸಿಗಬೇಕು ಅಂತಲೂ 2025ರ ಏಪ್ರಿಲ್‌ನಲ್ಲಿ ಆದೇಶ ಬಂದಿದೆ. ಆದರೆ ಅಪ್ಪ ಹೋಗುವ ಮೆಷಿನ್ನಿನಲ್ಲಿ ಬರುವುದು ಐನೂರೇ. ಖಾತೆಯಲ್ಲಿ 499 ಇದ್ದರೆ ಅದು ಅವರ ಪಾಲಿಗೆ ಇಲ್ಲದ ಹಾಗೆಯೇ ಅಲ್ವಾ?

ಮಿನಿಮಮ್ ಬ್ಯಾಲೆನ್ಸ್ ಬಗ್ಗೆಯೂ ನಿಯಮ ಇದೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬ್ಯಾಲೆನ್ಸ್ ಕಡಿಮೆಯಾದಾಗ ಬ್ಯಾಂಕ್ ಮೊದಲು ತಿಳಿಸಬೇಕು, ಸರಿಮಾಡಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ಚಾರ್ಜು ಹಾಕಬೇಕು. ಈ ಚಾರ್ಜಿನಿಂದಲೇ ಖಾತೆ ಮೈನಸ್ ಆಗುವಂತಿಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲೇ ಈ ಚಾರ್ಜು ತೆಗೆದುಹಾಕಿತು, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ತೆಗೆಯಿತು. ಹಾಗಾಗಿ ಇದಿಲ್ಲದೆ ಬ್ಯಾಂಕ್ ನಡೆಸಲು ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಾವು ಬಾಯಿಮಾತಿನಲ್ಲಿ ಕೇಳಿದಾಗ "ಸಿಸ್ಟಮ್ ತಾನೇ ಕಟ್ ಮಾಡುತ್ತೆ, ನಾವೇನೂ ಮಾಡೋಕಾಗಲ್ಲ" ಅಂದರು. ಅಲ್ಲೇ ಕುಳಿತು ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಸೀಲು ಹಾಕಿಸಿಕೊಂಡೆವು. ಒಂದು ವಾರದಲ್ಲಿ ಎರಡು ತಿಂಗಳ ಚಾರ್ಜು, 1,003 ರೂಪಾಯಿ, ವಾಪಸ್ ಬಂತು. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಅರ್ಜಿ ಮಾತ್ರ ಕೊಡಬೇಡಿ.

ಆಮೇಲೆ ಖಾತೆಯನ್ನೇ ಬದಲಾಯಿಸಲು ಕೇಳಿದೆವು. "ಝೀರೋ ಬ್ಯಾಲೆನ್ಸ್ ಖಾತೆ ಕೊಡಿ" ಅಂದಾಗ ಅಂಥದ್ದು ಇಲ್ಲ ಅಂದರು. "ಬಿಎಸ್‌ಬಿಡಿ ಖಾತೆ" ಅಂತ ಹೆಸರು ಹಿಡಿದು ಕೇಳಿದಾಗ ಡ್ರಾಯರಿನಿಂದ ಫಾರ್ಮ್ ಬಂತು. ಬೇಸಿಕ್ ಸೇವಿಂಗ್ಸ್ ಖಾತೆ ಅಂದರೆ ಅದೇ. ಎಲ್ಲ ಬ್ಯಾಂಕುಗಳೂ ಕೊಡಲೇಬೇಕು. ಕನಿಷ್ಠ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ವರ್ಷದ ಚಾರ್ಜು ಇಲ್ಲ, ತಿಂಗಳಿಗೆ ಕಡಿಮೆ ಅಂದರೂ 4 ಸಲ ಹಣ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು, ಅಷ್ಟೇ.

ಉಳಿದ ಎರಡು ತಿಂಗಳ 1,003 ರೂಪಾಯಿ ಇನ್ನೂ ಬಂದಿಲ್ಲ. ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಹೋಗಬಹುದು. ಖರ್ಚಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ನಮ್ಮ 30 ದಿನ ಮುಂದಿನ ವಾರ ತುಂಬುತ್ತದೆ. ಅರ್ಜಿಯನ್ನು ಅಪ್ಪ ತಮ್ಮ ಕೈಬರಹದಲ್ಲೇ ಬರೆದು, ಪಾಸ್‌ಬುಕ್ಕಿನ ಆ ಎರಡು ಪುಟಗಳ ಜೆರಾಕ್ಸ್ ಜೊತೆ ಪಿನ್ ಮಾಡಿ ಇಟ್ಟಿದ್ದಾರೆ.