ಸಾಲು ತೂತಿಗೆ ಟೆಂಪ್ಲೇಟ್ ಮಾಡ್ತಿದ್ದೀರಾ? ನಾನು ಮಾಡಿದ ತಪ್ಪು ಮಾಡಬೇಡಿ

ಪುಸ್ತಕದ ಬೀರು ಮಾಡುತ್ತಿದ್ದೆ. ಹಲಗೆಗಳನ್ನು ಬೇಕಾದ ಎತ್ತರಕ್ಕೆ ಇಡೋಕೆ ಎರಡೂ ಪಕ್ಕದ ಪ್ಲೈವುಡ್‌ನಲ್ಲಿ 5 ಮಿ.ಮೀ. ತೂತು, 32 ಮಿ.ಮೀ.ಗೆ ಒಂದರಂತೆ. ಮುಂದೊಂದು ಸಾಲು, ಹಿಂದೊಂದು ಸಾಲು, ಸಾಲಿಗೆ 20. ಒಟ್ಟು 80. ಒಂದೊಂದನ್ನೂ ಯಾರು ಅಳೀತಾರೆ ಅಂತ 6 ಮಿ.ಮೀ. ಪ್ಲೈ ಪಟ್ಟಿಯಲ್ಲಿ ಟೆಂಪ್ಲೇಟ್ ಮಾಡಿಕೊಂಡೆ: ಪಟ್ಟಿಯಲ್ಲಿ ಒಂದು ಸಾಲು ತೂತು ಕೊರೆದಿಟ್ಟುಕೊಂಡು, ಅದನ್ನು ಪಕ್ಕದ ಮೇಲಿಟ್ಟು ಆ ತೂತುಗಳ ಮೂಲಕವೇ ಕೊರೆಯೋದು.

ಎಲ್ಲಾ ಜೋಡಿಸಿ, ತೂತಿಗೆ ಹಲಗೆ ಹೊರುವ ಪಿನ್ ಹಾಕಿ, ಮೊದಲ ಹಲಗೆ ಇಟ್ಟೆ. ಮೂರು ಮೂಲೆ ಕೂತವು. ನಾಲ್ಕನೆಯದನ್ನು ಬೆರಳಲ್ಲಿ ಒತ್ತಿದರೆ ಟಕ್ ಅಂತ ಕೆಳಗೆ, ಬಿಟ್ಟರೆ ಮತ್ತೆ ಮೇಲೆ. ಅಳೆದು ನೋಡಿದರೆ ಆ ಮೂಲೆಯ ಪಿನ್ 4 ಮಿ.ಮೀ. ಕೆಳಗಿತ್ತು. ಹಲಗೆಯನ್ನು ಯಾವ ಎತ್ತರಕ್ಕೆ ಇಟ್ಟರೂ ಹೆಚ್ಚುಕಮ್ಮಿ ಅದೇ 4.

ತಪ್ಪು ಶುರುವಾಗಿದ್ದು ಟೆಂಪ್ಲೇಟಿಗೆ ಗುರುತು ಹಾಕುವಾಗ. ಪ್ರತಿ ಸಲ ಹಿಂದಿನ ಗೆರೆಗೆ ಸ್ಕೇಲ್ ಇಟ್ಟು ಮುಂದಿನ 32 ಅಳೆದಿದ್ದೆ. ಒಂದೊಂದು ಸಲವೂ 0.2 ಮಿ.ಮೀ.ನಷ್ಟು ಜಾಸ್ತಿ ಆಗಿದೆ. ಪೆನ್ಸಿಲ್ ಗೆರೆಯ ದಪ್ಪವೇ ಅದಕ್ಕಿಂತ ಜಾಸ್ತಿ ಇರುತ್ತೆ, ಕಣ್ಣಿಗೆ ಹೇಗೆ ಕಾಣಬೇಕು? 20 ತೂತಿಗೆ 19 ಅಂತರ, ಕೊನೆಗೆ ಸುಮಾರು 4 ಮಿ.ಮೀ. ಕೂಡಿಕೊಂಡಿತು. ಪಟ್ಟಿಯ ಎರಡೂ ತುದಿಯಲ್ಲಿ 60 ಮಿ.ಮೀ. ಉಳಿಯಬೇಕಿತ್ತು. ಕೆಳಗೆ 60 ಇತ್ತು, ಮೇಲೆ 56.

ಇಷ್ಟಾದರೂ ಬೀರು ಸರಿಯಾಗೇ ಬರ್ತಿತ್ತು. ಒಂದೇ ತುದಿ ಯಾವಾಗಲೂ ಕೆಳಗಿದ್ದರೆ ನಾಲ್ಕೂ ಸಾಲಿನಲ್ಲಿ ಒಂದೇ ತಪ್ಪು ಬೀಳುತ್ತೆ, ಹಲಗೆ ಮಟ್ಟವಾಗೇ ಕೂರುತ್ತೆ. ಮೂರು ಸಾಲಿಗೆ ಹಾಗೇ ಇಟ್ಟಿದ್ದೆ. ಕೊನೆಯ ಸಾಲಿಗೆ ಪಟ್ಟಿಯನ್ನು ಮಗುಚಿ (ಮುಖ ಮಾತ್ರ ಬದಲಿಸಿ, ಕೆಳತುದಿ ಕೆಳಗೇ) ಹಾಕುವ ಬದಲು, ಅವಸರದಲ್ಲಿ ತಲೆಕೆಳಗು (ಮೇಲಿನ ತುದಿ ಕೆಳಗೆ) ಮಾಡಿ ಕ್ಲಾಂಪ್ ಹಾಕಿಬಿಟ್ಟೆ.

ಸರಿಮಾಡೋದು ಇನ್ನೂ ಕಷ್ಟ. 5 ಮಿ.ಮೀ. ತೂತಿನ ಪಕ್ಕ 4 ಮಿ.ಮೀ. ದೂರಕ್ಕೆ ಇನ್ನೊಂದು ಕೊರೆದರೆ ಎರಡೂ ಸೇರಿ ಉದ್ದ ಸೀಳಾಗುತ್ತೆ. 20 ತೂತಿಗೂ ಅಂಟು ಹಚ್ಚಿ ಮರದ ಗೂಟ ಹೊಡೆದೆ. ರಾತ್ರಿಯಿಡೀ ಒಣಗಲು ಬಿಟ್ಟು, ಮಟ್ಟಕ್ಕೆ ಕೊಯ್ದು, ಬೀರುವಿನ ಹಿಂಬದಿ ಬಿಚ್ಚಿ ಮತ್ತೆ ಕೊರೆದೆ. ಡ್ರಿಲ್ ಬಿಟ್ ಗೂಟದ ಅಂಚಿಗೆ ತಾಗಿ ಜಾರ್ತಾನೇ ಇತ್ತು.

ದಯವಿಟ್ಟು ಎಲ್ಲಾ ಗುರುತನ್ನೂ ಒಂದೇ ತುದಿಯಿಂದ, ಸ್ಕೇಲ್ ಕದಲಿಸದೆ ಹಾಕಿ: 60, 92, 124, 156, ಹೀಗೆ. ತೆಳು ಪ್ಲೈ ಬೇಡವೇ ಬೇಡ. ಅದು ಬಿಟ್ಟನ್ನು ನೇರ ಹಿಡಿಯಲ್ಲ, ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಟೆಂಪ್ಲೇಟಿನ ತೂತುಗಳೇ ಸಡಿಲವಾಗಿದ್ದವು. 18 ಮಿ.ಮೀ. ಮರ ತಗೊಳ್ಳಿ. ಜಾಸ್ತಿ ಸಲ ಬಳಸೋದಾದರೆ ತೂತುಗಳಿಗೆ ಉಕ್ಕಿನ ಬುಷ್ (ಬಿಟ್ ತೂರುವ ಗಟ್ಟಿ ಕೊಳವೆ) ಕೂರಿಸಿ. ಟೆಂಪ್ಲೇಟಿನ ತೂತುಗಳನ್ನು ಡ್ರಿಲ್ ಪ್ರೆಸ್‌ನಲ್ಲೇ (ನೇರವಾಗಿ ಕೆಳಗಿಳಿದು ಕೊರೆಯುವ, ಸ್ಟ್ಯಾಂಡ್ ಇರುವ ಡ್ರಿಲ್) ಕೊರೆಯಿರಿ. ಓರೆಯಾದರೆ ಪಟ್ಟಿ ಮಗುಚಿದಾಗ ತೂತಿನ ಜಾಗವೇ ಬದಲಾಗುತ್ತೆ. ಎಷ್ಟು ಆಳ ಕೊರೆಯಬೇಕು ಅಂತ ಗುರುತಿಗೆ ಬಿಟ್ ಮೇಲೆ ಸುತ್ತಿದ ಟೇಪನ್ನೂ ನಂಬಬೇಡಿ, ನನ್ನದು ಜಾರಿ ಒಂದು ತೂತು ಆಚೆ ಬಂತು.

ಈಗಿನ ನನ್ನ ಟೆಂಪ್ಲೇಟಿನ ಒಂದು ತುದಿಯಲ್ಲಿ, ಎರಡೂ ಮುಖಕ್ಕೆ, ಕೆಂಪು ಮಾರ್ಕರ್‌ನಲ್ಲಿ ದಪ್ಪಗೆ ‘ಕೆಳಗೆ’ ಅಂತ ಬರೆದಿದ್ದೇನೆ.